ಕಾಗದದ ರಾಕೆಟ್ ಹಾರಿಸುವ ಗಾಳಿ ಲಾಂಚರ್‌ಗೆ ಯಾವ ವಾಲ್ವ್ ಹಾಕಬೇಕು?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ಹೊಸನಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಹೊಸನಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕೆಂದು ನಮ್ಮ ಒಂಬತ್ತನೆಯ ತರಗತಿಯ ಮಕ್ಕಳು ಕಾಗದದ ರಾಕೆಟ್ಟನ್ನು ಗಾಳಿಯ ಒತ್ತಡದಿಂದ ಮೇಲಕ್ಕೆ ಹಾರಿಸುವ ಲಾಂಚರ್ ಒಂದನ್ನು ಕಟ್ಟಿದ್ದಾರೆ. ತೋಟದ ಪೈಪ್‌ಲೈನ್ ಕೆಲಸದಲ್ಲಿ ಉಳಿದ 63 ಮಿ.ಮೀ. ಪಿವಿಸಿ ಪೈಪಿನ ಮುಕ್ಕಾಲು ಮೀಟರ್ ತುಂಡು ಗಾಳಿ ತುಂಬುವ ಕೋಣೆಯಾಗಿದೆ. ಅದರಲ್ಲಿ ಹೆಚ್ಚುಕಡಿಮೆ 2 ಲೀಟರ್ ಹಿಡಿಯುತ್ತದೆ. ಅದಕ್ಕೊಂದು ಅರ್ಧ ಇಂಚಿನ ಬಾಲ್ ವಾಲ್ವ್, ವಾಲ್ವಿನ ಮೇಲೆ ನೆಟ್ಟಗೆ ನಿಂತ 20 ಮಿ.ಮೀ. ಹೊರವ್ಯಾಸದ ಅರ್ಧ ಮೀಟರ್ ಕೊಳವೆ. ರಾಕೆಟ್ಟನ್ನು ಆ ಕೊಳವೆಗೆ ಟೊಪ್ಪಿಗೆಯಂತೆ ತೊಡಿಸಿ, ಸೈಕಲ್ ಪಂಪಿನಿಂದ 40 ಪೌಂಡ್ (ಚದರ ಇಂಚಿಗೆ) ಒತ್ತಡದ ಗಾಳಿ ತುಂಬಿ, ವಾಲ್ವಿನ ಹಿಡಿಕೆಯನ್ನು ಕೈಯಿಂದ ತಿರುಗಿಸುತ್ತೇವೆ. ರಾಕೆಟ್ಟಿನ ತೂಕ 20 ಗ್ರಾಂ.

ಫಲಿತಾಂಶ ನಿರಾಶೆ ತಂದಿದೆ. ರಾಕೆಟ್ ಶಾಲೆಯ ಹಂಚಿನ ಮಾಡು ದಾಟಿದರೆ ಅದೇ ಹೆಚ್ಚು, ಪಕ್ಕದ ತೋಟದ ಅಡಿಕೆ ಮರದ ಅರ್ಧಕ್ಕೂ ಏರುವುದಿಲ್ಲ. ನಾನು ಪಕ್ಕದಲ್ಲೇ ನಿಂತು ಮತ್ತೆ ಮತ್ತೆ ಗಮನಿಸಿದ್ದೇನೆ: ಹಿಡಿಕೆ ತಿರುಗಲು ತೊಡಗಿದ ಕೂಡಲೇ ಸಣ್ಣಗೆ ‘ಸ್‌ಸ್’ ಎಂಬ ಸದ್ದು, ರಾಕೆಟ್ ಕೊಳವೆಯಿಂದ ಜಾರಿ ಹೊರಡುತ್ತದೆ, ಅದು ಹೋದ ಮೇಲೆ ಖಾಲಿ ಕೊಳವೆಯಿಂದ ಗಾಳಿ ‘ಭುಸ್’ ಎಂದು ನುಗ್ಗುತ್ತದೆ. ಒತ್ತಡವನ್ನು 80 ಪೌಂಡಿಗೆ ಏರಿಸೋಣ ಎಂದು ಮಕ್ಕಳು ಒತ್ತಾಯಿಸುತ್ತಿದ್ದಾರೆ. ನನಗೆ ಧೈರ್ಯವಾಗಲಿಲ್ಲ, ತಪ್ಪಿರುವುದು ವಾಲ್ವಿನಲ್ಲಿ ಎಂದು ನನ್ನ ಊಹೆ.

ಈಗ ಕೈಯಲ್ಲಿ ನಾಲ್ಕು ಬಗೆಯ ವಾಲ್ವುಗಳಿವೆ: ಕುಡಿಯುವ ನೀರಿನ ಶುದ್ಧೀಕರಣ ಯಂತ್ರದಿಂದ ಬಿಚ್ಚಿದ 24 ವೋಲ್ಟ್ ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ) ವಾಲ್ವ್, ಹಳೆಯ ವಾಷಿಂಗ್ ಮೆಷಿನ್ನಿನ ನೀರಿನ ವಾಲ್ವ್, ಅಡಿಕೆಗೆ ಔಷಧಿ ಹೊಡೆಯುವ ಪಂಪಿನ ಗನ್ನಿನಲ್ಲಿರುವ, ಬೆರಳಿನಿಂದ ಒತ್ತುವ ಕುದುರೆ ವಾಲ್ವ್, ಮತ್ತು ಒಬ್ಬ ಪೋಷಕರು ಕೊಡುವೆನೆಂದ ಹನಿ ನೀರಾವರಿಯ ಒಂದು ಇಂಚಿನ ಸೊಲೆನಾಯ್ಡ್ ವಾಲ್ವ್. ಇವುಗಳಲ್ಲಿ ಯಾವುದನ್ನು ಆರಿಸಬೇಕು? ಅಥವಾ ಬೇರೆಯದನ್ನೇ ಕೊಳ್ಳಬೇಕೇ? ಕಾರಣವನ್ನೂ ತಿಳಿಸಿದರೆ ಮಕ್ಕಳಿಗೆ ಅದೇ ಒಂದು ಪಾಠವಾಗುತ್ತದೆ.

ಉತ್ತರ: ನಿವೃತ್ತ ಏರ್ ಬ್ರೇಕ್ ಮೆಕ್ಯಾನಿಕ್, ಶಿವಮೊಗ್ಗ

ಮೇಡಂ, ನೀವು ಕೇಳಿದ ಎರಡು ಸದ್ದುಗಳಲ್ಲೇ ಉತ್ತರವಿದೆ. ರಾಕೆಟ್ ಹೋದ ಮೇಲೆ ‘ಭುಸ್’ ಎಂದಿತೆಂದರೆ, ಅದನ್ನು ತಳ್ಳಬೇಕಾಗಿದ್ದ ಗಾಳಿ ತಡವಾಗಿ ಬಂದಿದೆ. ಬಾಲ್ ವಾಲ್ವ್ ಒಳ್ಳೆಯ ವಾಲ್ವ್; ಪೂರ್ತಿ ತೆರೆದಾಗ ಅದರಷ್ಟು ಸಲೀಸಾಗಿ ಗಾಳಿ ಬಿಡುವುದು ಬೇರೊಂದಿಲ್ಲ. ಆದರೆ ಮನುಷ್ಯನ ಕೈ ಅದನ್ನು ಕಾಲು ಸುತ್ತು ತಿರುಗಿಸಲು ಎಷ್ಟೇ ಅವಸರ ಮಾಡಿದರೂ ಕಾಲು ಸೆಕೆಂಡ್ ತೆಗೆದುಕೊಳ್ಳುತ್ತದೆ. ಹಗುರವಾದ ಕಾಗದದ ರಾಕೆಟ್ ಅಷ್ಟು ಹೊತ್ತು ಕಾಯುವುದಿಲ್ಲ.

ನಾನು ಇಪ್ಪತ್ತೆರಡು ವರ್ಷ ಬಸ್ಸು, ಲಾರಿಗಳ ಏರ್ ಬ್ರೇಕ್ ಕೆಲಸ ಮಾಡಿದವನು. ಹುಲಿಕಲ್ ಘಾಟಿ ಇಳಿಯುವ ಬಸ್ಸಿನಲ್ಲಿ ಚಾಲಕ ಬ್ರೇಕ್ ಪೆಡಲಿನಿಂದ ಕಾಲು ತೆಗೆದಾಗ ‘ಚುಸ್’ ಎಂದು ಗಾಳಿ ಬಿಡುವ ಸದ್ದನ್ನು ನೀವೆಲ್ಲ ಕೇಳಿರುತ್ತೀರಿ. ಬ್ರೇಕ್ ಚೇಂಬರಿನ ಗಾಳಿ ಉದ್ದನೆಯ ಪೈಪಿನಲ್ಲಿ ಪೆಡಲಿನವರೆಗೆ ಹಿಂದಿರುಗಿ ಹೊರಹೋಗಬೇಕಾದರೆ ಬ್ರೇಕ್ ತಡವಾಗಿ ಬಿಡುತ್ತದೆ. ಅದಕ್ಕಾಗಿ ಚೇಂಬರಿನ ಹತ್ತಿರವೇ ಒಂದು ಕ್ವಿಕ್ ರಿಲೀಸ್ ವಾಲ್ವ್ ಇರುತ್ತದೆ. ಕಾರ್ಖಾನೆಗಳ ಗಾಳಿ ಯಂತ್ರಗಳಲ್ಲಿ ಇದೇ ತತ್ವದ ವಾಲ್ವಿಗೆ ಕ್ವಿಕ್ ಎಕ್ಸಾಸ್ಟ್ ವಾಲ್ವ್ ಎನ್ನುತ್ತಾರೆ. ನಿಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ್ದು ಅದೇ.

ಅದರಲ್ಲಿ ಮೂರು ಬಾಯಿಗಳಿವೆ. ಒಂದರಿಂದ ಗಾಳಿ ಒಳಗೆ ಬರುತ್ತದೆ, ಎರಡನೆಯದಕ್ಕೆ ನಿಮ್ಮ ಗಾಳಿಯ ಕೋಣೆ, ಮೂರನೆಯದಕ್ಕೆ ರಾಕೆಟ್ಟಿನ ಕೊಳವೆ. ಒಳಗೆ ಒಂದು ರಬ್ಬರ್ ತಟ್ಟೆ ಮಾತ್ರ ಇರುತ್ತದೆ. ಗಾಳಿ ತುಂಬುವಾಗ ಆ ತಟ್ಟೆ ಮೂರನೆಯ ಬಾಯನ್ನು ಒತ್ತಿ ಮುಚ್ಚಿಕೊಂಡು, ಅಂಚಿನ ಸುತ್ತ ಗಾಳಿಯನ್ನು ಕೋಣೆಗೆ ಬಿಡುತ್ತದೆ. ತುಂಬುವ ಕಡೆಯ ಗಾಳಿಯನ್ನು ಒಂದು ಸಣ್ಣ ಕೈವಾಲ್ವಿನಿಂದ ಹೊರಗೆ ಬಿಟ್ಟ ಕ್ಷಣ, ಕೋಣೆಯ ಗಾಳಿಯೇ ತಟ್ಟೆಯನ್ನು ಆ ಕಡೆಗೆ ಎಸೆದು ಮೂರನೆಯ ಬಾಯನ್ನು ಪೂರ್ತಿ ತೆರೆಯುತ್ತದೆ. ತೆರೆಯುವ ಕೆಲಸವನ್ನು ನಿಮ್ಮ ಕೈ ಮಾಡುವುದಿಲ್ಲ, ಗಾಳಿಯೇ ಮಾಡುತ್ತದೆ. ಅದಕ್ಕೇ ಅಷ್ಟು ವೇಗ. ಕೈವಾಲ್ವಿನಿಂದ ಇದರವರೆಗಿನ ಪೈಪು ಸಣ್ಣದಾಗಿದ್ದು, ಉದ್ದವೂ ಕಡಿಮೆಯಿದ್ದಷ್ಟು ತಟ್ಟೆ ಚುರುಕಾಗಿ ಹೊರಳುತ್ತದೆ.

ಒಂದು ಎಚ್ಚರಿಕೆ: ಬಸ್ಸಿನ ವಾಲ್ವನ್ನೇ ಗುಜರಿಯಿಂದ ತರಬೇಡಿ. ಅವುಗಳಲ್ಲಿ ಹಲವಕ್ಕೆ ಗಾಳಿ ಹೊರಬೀಳುವ ಬಾಯಲ್ಲಿ ಥ್ರೆಡ್ ಇರುವುದಿಲ್ಲ, ಕೊಳವೆ ಕೂರಿಸಲಾಗದು. ಗಾಳಿ ಯಂತ್ರಗಳ ಬಿಡಿಭಾಗ ಮಾರುವ ಅಂಗಡಿಯಲ್ಲಿ ಮೂರೂ ಬಾಯಿಗೆ ಥ್ರೆಡ್ ಇರುವ ಅರ್ಧ ಇಂಚಿನದನ್ನು ಕೇಳಿ ಪಡೆಯಿರಿ.

ಉತ್ತರ: ಫೌಂಡ್ರಿಯ ನಿರ್ವಹಣಾ ಇಂಜಿನಿಯರ್, ಮಾಚೇನಹಳ್ಳಿ

ಹಿರಿಯರು ಹೇಳಿದ್ದು ಸರಿಯಾಗಿದೆ. ಮಕ್ಕಳಿಗೆ ತೋರಿಸಲು ಅನುಕೂಲವಾಗಲೆಂದು ಅದನ್ನೇ ಲೆಕ್ಕದಲ್ಲಿ ಬಿಡಿಸುತ್ತೇನೆ.

20 ಮಿ.ಮೀ. ವ್ಯಾಸದ ವೃತ್ತದ ವಿಸ್ತೀರ್ಣ 3.14 ಚದರ ಸೆಂ.ಮೀ. ಅದರ ಮೇಲೆ ಸರಾಸರಿ 2 ಬಾರ್, ಅಂದರೆ ಪಂಕ್ಚರ್ ಅಂಗಡಿಯ ಲೆಕ್ಕದಲ್ಲಿ 29 ಪೌಂಡ್ ಒತ್ತಡ ಬಿದ್ದರೆ ರಾಕೆಟ್ಟನ್ನು ತಳ್ಳುವ ಬಲ ಸುಮಾರು 63 ನ್ಯೂಟನ್ ಆಗುತ್ತದೆ. ಈ ಬಲ 20 ಗ್ರಾಮಿನ ವಸ್ತುವಿಗೆ ಕೊಡುವ ವೇಗೋತ್ಕರ್ಷ ಗುರುತ್ವದ ಮುನ್ನೂರು ಪಟ್ಟನ್ನು ಮೀರುತ್ತದೆ. ಅರ್ಧ ಮೀಟರ್ ಕೊಳವೆಯನ್ನು ದಾಟಲು ಅದಕ್ಕೆ ಬೇಕಾಗುವ ಸಮಯ ಕೇವಲ 18 ಮಿಲಿಸೆಕೆಂಡ್. ಕೈಯಿಂದ ವಾಲ್ವ್ ತೆರೆಯಲು 250 ಮಿಲಿಸೆಕೆಂಡ್ ಹಿಡಿಯುತ್ತದೆಂದರೆ, 18 ಮಿಲಿಸೆಕೆಂಡ್ ಆಗುವಾಗ ಹಿಡಿಕೆ ಆರೇಳು ಡಿಗ್ರಿಯಷ್ಟೇ ತಿರುಗಿರುತ್ತದೆ, ಬಾಲ್ ವಾಲ್ವಿನಲ್ಲಿ ಅಷ್ಟಕ್ಕೆ ತೂತು ತೆರೆದುಕೊಂಡೇ ಇರುವುದಿಲ್ಲ. ಆಮೇಲೆ ಸೋರುವ ಸ್ವಲ್ಪ ಗಾಳಿಯಲ್ಲೇ ರಾಕೆಟ್ ಮೆಲ್ಲಗೆ ಜಾರಿಹೋಗುತ್ತದೆ. ನೀವು 40 ಪೌಂಡ್ ತುಂಬಿದರೂ ರಾಕೆಟ್ಟಿಗೆ ದಕ್ಕುವುದು ಅದರ ಒಂದು ಸಣ್ಣ ಪಾಲು. ಮಕ್ಕಳು ಹೇಳುವಂತೆ ಒತ್ತಡ ಏರಿಸಿದರೆ ರಾಕೆಟ್ ಇನ್ನೂ ಬೇಗ ಜಾರುತ್ತದೆ, ವಾಲ್ವ್ ಮಾತ್ರ ಅಷ್ಟೇ ನಿಧಾನವಾಗಿರುತ್ತದೆ.

ಹಾಗಾಗಿ ವಾಲ್ವ್ ಆರಿಸುವಾಗ ಕೇಳಬೇಕಾದ ಪ್ರಶ್ನೆಗಳು ಎರಡು. ರಾಕೆಟ್ ಕೊಳವೆಯಲ್ಲಿರುವಾಗಲೇ ಅದು ತೆರೆದು ಮುಗಿಯುತ್ತದೆಯೇ? ತೆರೆದಾಗ ಅದರ ಒಳಗಿನ ನಿಜವಾದ ತೂತು ಎಷ್ಟು ದೊಡ್ಡದು?

ಎರಡನೆಯ ಪ್ರಶ್ನೆಯಲ್ಲಿ ಬಹಳ ಮಂದಿ ಮೋಸಹೋಗುತ್ತಾರೆ, ಏಕೆಂದರೆ ಅಂಗಡಿಯಲ್ಲಿ ಹೇಳುವ ಕಾಲು ಇಂಚು, ಅರ್ಧ ಇಂಚು ಎಂಬುದು ಥ್ರೆಡ್ಡಿನ ಅಳತೆಯೇ ಹೊರತು ತೂತಿನದಲ್ಲ. ನಿಮ್ಮ ನೀರು ಶುದ್ಧೀಕರಣ ಯಂತ್ರದ ಸೊಲೆನಾಯ್ಡ್ ವಾಲ್ವನ್ನು ಬಿಚ್ಚಿ ನೋಡಿದರೆ ಒಳಗೆ ಎರಡು ಎರಡೂವರೆ ಮಿ.ಮೀ.ಯ ಸಣ್ಣ ರಂಧ್ರ ಕಾಣುತ್ತದೆ. ಅದರ ವಿಸ್ತೀರ್ಣ ನಿಮ್ಮ ಕೊಳವೆಯದರ ಅರುವತ್ತರಲ್ಲಿ ಒಂದು ಪಾಲು. ಇಂಥ ಕಿರಿದಾದ ಜಾಗದಲ್ಲಿ ಗಾಳಿ ಶಬ್ದದ ವೇಗವನ್ನು ಮುಟ್ಟಿದ ಮೇಲೆ, ಆಚೆ ಬದಿಯ ಒತ್ತಡ ಎಷ್ಟೇ ಇಳಿದರೂ ಹರಿವು ಹೆಚ್ಚುವುದಿಲ್ಲ. 4 ಬಾರ್ ಒತ್ತಡದಲ್ಲಿ ಆ ರಂಧ್ರದಿಂದ ಸೆಕೆಂಡಿಗೆ ಆರು ಗ್ರಾಂ ಗಾಳಿಯೂ ಹಾಯದು. ನಿಮ್ಮ ಕೊಳವೆ 2 ಬಾರಿಗೆ ತುಂಬಲು ಬೇಕಾದ ಅರ್ಧ ಗ್ರಾಮಿಗೂ ಸ್ವಲ್ಪ ಹೆಚ್ಚಿನ ಗಾಳಿಗೆ ಅದು ಸೆಕೆಂಡಿನ ಹತ್ತನೇ ಒಂದು ಭಾಗ ತೆಗೆದುಕೊಳ್ಳುತ್ತದೆ. ಅದೇ ತೂತು 15 ಮಿ.ಮೀ. ಇದ್ದರೆ ಮೂರು ಮಿಲಿಸೆಕೆಂಡ್ ಸಾಕು. ಔಷಧಿ ಪಂಪಿನ ಗನ್ನಿನ ವಾಲ್ವಿಗೂ ಇದೇ ಕೊರತೆ: ಅದು ಹೆಚ್ಚು ಒತ್ತಡದ ಸ್ವಲ್ಪ ದ್ರಾವಣಕ್ಕೆ ಮಾಡಿದ್ದು, ಒಳದಾರಿ ತೀರಾ ಕಿರಿದು. ವಾಷಿಂಗ್ ಮೆಷಿನ್ನಿನ ವಾಲ್ವಿನೊಳಗೆ ನೀರಿನ ಹರಿವನ್ನು ಬೇಕೆಂದೇ ತಡೆಹಿಡಿಯುವ ಒಂದು ರಬ್ಬರ್ ಬಿಲ್ಲೆಯಿರುತ್ತದೆ. ಅದಲ್ಲದೆ ಅದು 230 ವೋಲ್ಟಿನದು. ಮಕ್ಕಳ ಕೈಗೆ, ಅದರಲ್ಲೂ ಇಬ್ಬನಿಯಲ್ಲಿ ತೊಯ್ದ ನಮ್ಮ ಕಡೆಯ ಮೈದಾನದಲ್ಲಿ, ಅದನ್ನು ಕೊಡಲೇಬಾರದು. ಈ ಮೂರನ್ನೂ ಬದಿಗಿಡಿ.

ಇನ್ನು ವಾಲ್ವಿಗಿಂತ ಮುಖ್ಯವಾದ ಮಾತು. ನಿಮ್ಮ ಗಾಳಿಯ ಕೋಣೆ ಪಿವಿಸಿಯದು. ದಯವಿಟ್ಟು ಅದನ್ನು ಇಂದೇ ಬಿಚ್ಚಿಬಿಡಿ. ಪೈಪಿನ ಮೈಮೇಲೆ 6 ಅಥವಾ 10 ಕೆ.ಜಿ. (ಚದರ ಸೆಂ.ಮೀ.ಗೆ) ಎಂದು ಅಚ್ಚಾಗಿರುವುದನ್ನು ನೋಡಿ 40 ಪೌಂಡ್ ಎಂದರೆ 3 ಕೆ.ಜಿ.ಗೂ ಕಡಿಮೆಯಲ್ಲವೇ ಎಂದು ಅನ್ನಿಸುವುದು ಸಹಜ. ಆ ಅಂಕಿ ನೀರಿಗೆ ಕೊಟ್ಟದ್ದು. ನೀರು ಒತ್ತಿದರೆ ಕುಗ್ಗುವುದಿಲ್ಲ. 2 ಲೀಟರ್ ನೀರನ್ನು 4 ಬಾರಿಗೆ ಒತ್ತಿದಾಗ ಅದರಲ್ಲಿ ಅಡಗುವ ಶಕ್ತಿ ಒಂದು ಜೂಲಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ, ಪೈಪು ಸೀಳಿದರೆ ನೀರು ಚಿಮ್ಮಿ ನಿಲ್ಲುತ್ತದೆ. ಅಷ್ಟೇ ಜಾಗದಲ್ಲಿ ಅಷ್ಟೇ ಒತ್ತಡದ ಗಾಳಿ ಒಮ್ಮೆಲೇ ಹಿಗ್ಗಿದರೆ ಬಿಡುವ ಶಕ್ತಿ ಸುಮಾರು 500 ಜೂಲ್. 50 ಕಿಲೋ ಸಿಮೆಂಟ್ ಚೀಲವೊಂದು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಪಿವಿಸಿ ಬಿಸಿಲಿಗೆ ಪೆಡಸಾಗುತ್ತದೆ, ಒಡೆಯುವಾಗ ಉಬ್ಬದೆ ಚೂರುಚೂರಾಗಿ ಸಿಡಿಯುತ್ತದೆ, ಆ ಚೂರುಗಳಿಗೆ ಗಾಜಿನಂಥ ಅಂಚು. ತೋಟದಲ್ಲಿ ಒಂದೆರಡು ವರ್ಷ ಬಿಸಿಲು ಕಂಡ ಪೈಪಂತೂ ಇನ್ನೂ ಅಪಾಯಕಾರಿ.

ಇದಕ್ಕೆ ಬದಲು ಎರಡು ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ 90 ಸೆಂ.ಮೀ. ತುಂಡಿಗೆ ಎರಡೂ ಕಡೆ ಥ್ರೆಡ್ ಹೊಡೆಸಿ ಕ್ಯಾಪ್ ಹಾಕಿಸಿ. ಅದೂ 2 ಲೀಟರೇ ಆಗುತ್ತದೆ. ಪೈಪಿನ ಮೇಲಿನ ಬಣ್ಣದ ಪಟ್ಟಿ ನೋಡಿಕೊಳ್ಳಿ: ಹಳದಿ ಎಂದರೆ ತೆಳುವಾದದ್ದು, ನೀಲಿ ಎಂದರೆ ಮಧ್ಯಮ, ಕೆಂಪು ಎಂದರೆ ದಪ್ಪ. ನೀಲಿಯದು ನಿಮಗೆ ಧಾರಾಳವಾಗಿ ಸಾಕು. ಹಳೆಯ ಗ್ಯಾಸ್ ಸಿಲಿಂಡರ್, ಬೆಂಕಿ ಆರಿಸುವ ಸಿಲಿಂಡರ್ ಮುಂತಾದವನ್ನು ಯಾರಾದರೂ ಸೂಚಿಸಿದರೆ ಒಪ್ಪಬೇಡಿ.

ಉತ್ತರ: ಅಡಿಕೆ ಬೆಳೆಗಾರ, ಸಾಗರದ ಹತ್ತಿರ

ಮೇಡಂ, ಹನಿ ನೀರಾವರಿಯ ಒಂದು ಇಂಚಿನ ಸೊಲೆನಾಯ್ಡ್ ವಾಲ್ವನ್ನು ನಾನು ಇದೇ ಕೆಲಸಕ್ಕೆ ಬಳಸಿದ್ದೇನೆ. ಕಳೆದ ಬೇಸಿಗೆಯಲ್ಲಿ ಅಣ್ಣನ ಮಕ್ಕಳು ರಜೆಗೆ ಬಂದಾಗ ಅವರಿಗಾಗಿ ಮಾಡಿಕೊಟ್ಟೆ. ಅನುಭವವನ್ನು ಹೇಳುತ್ತೇನೆ.

ಆ ವಾಲ್ವಿನೊಳಗೆ ಅಂಗೈಯಗಲದ ರಬ್ಬರಿನ ಪೊರೆಯೊಂದಿದೆ, ಅದರ ನೆತ್ತಿಯ ಮೇಲೆ ಒಂದು ಸ್ಪ್ರಿಂಗ್. ಪೊರೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದು, ಅದರ ಮೂಲಕ ಕೆಳಗಿನ ಒತ್ತಡವೇ ಮೇಲಿನ ಕೋಣೆಗೂ ಏರುತ್ತದೆ. ಎರಡೂ ಕಡೆ ಒತ್ತಡ ಸಮನಾದರೂ ಮೇಲ್ಭಾಗದ ವಿಸ್ತೀರ್ಣ ಹೆಚ್ಚಾದ್ದರಿಂದ, ಸ್ಪ್ರಿಂಗಿನ ಜೊತೆ ಸೇರಿ ಅದು ಪೊರೆಯನ್ನು ಬಿಗಿಯಾಗಿ ಮುಚ್ಚಿಡುತ್ತದೆ. ಸೊಲೆನಾಯ್ಡಿಗೆ ಕರೆಂಟ್ ಕೊಟ್ಟಾಗ ತೆರೆಯುವುದು ಮೇಲಿನ ಕೋಣೆಯ ಒಂದು ಸಣ್ಣ ದಾರಿ ಮಾತ್ರ. ಅಲ್ಲಿಯ ಗಾಳಿ ಸೋರಿಹೋದ ಕೂಡಲೇ ಕೆಳಗಿನ ಒತ್ತಡ ಪೊರೆಯನ್ನು ಮೇಲೆತ್ತಿ ಇಡೀ ಒಂದು ಇಂಚಿನ ದಾರಿಯನ್ನು ಬಿಡುತ್ತದೆ. ಬಾಲ್ ವಾಲ್ವಿಗೆ ಹೋಲಿಸಿದರೆ ಇದು ಎಷ್ಟೋ ಚುರುಕು, ಕ್ವಿಕ್ ಎಕ್ಸಾಸ್ಟ್ ವಾಲ್ವಿಗಿಂತ ನಿಧಾನ. ಆ ಸಣ್ಣ ದಾರಿಯಲ್ಲಿ ಮೇಲಿನ ಗಾಳಿ ಹೊರಬೀಳಲು ಹಿಡಿಯುವ ಹೊತ್ತೇ ಇದರ ಮಿತಿ.

ನಾನು ಪಟ್ಟ ಪಾಡು ಬೇರೆಯವರಿಗೆ ಬೇಡ. ಮೊದಲ ದಿನ ಸೈಕಲ್ ಪಂಪಿನಿಂದ ತುಂಬಿದಾಗ ಎಲ್ಲವೂ ಸರಿಯಿತ್ತು. ಮಾರನೆಯ ದಿನ ಮನೆಯ ಸಣ್ಣ ಕಂಪ್ರೆಸರಿನ ಟ್ಯಾಂಕಿನಿಂದ ಒಮ್ಮೆಗೇ ಗಾಳಿ ಬಿಟ್ಟೆ. ನಾನಿನ್ನೂ ಮೆದುಗೊಳವೆ ಹಿಡಿದು ಬಗ್ಗಿಕೊಂಡೇ ಇದ್ದೆ, ಯಾರೂ ಬಟನ್ ಒತ್ತಿರಲಿಲ್ಲ, ರಾಕೆಟ್ ನನ್ನ ಕಿವಿಯ ಪಕ್ಕದಲ್ಲೇ ಹಾರಿಹೋಯಿತು. ಕೆಳಗಿನ ಒತ್ತಡ ಥಟ್ಟನೆ ಏರಿದಾಗ, ಸೂಜಿಮೊನೆಯ ತೂತಿನಿಂದ ಮೇಲಿನ ಕೋಣೆ ಅಷ್ಟು ಬೇಗ ತುಂಬಲಾರದೆ ಪೊರೆ ತಾನಾಗಿಯೇ ಎದ್ದಿತ್ತು. ಆದ್ದರಿಂದ ಈ ವಾಲ್ವಿಗೆ ಯಾವಾಗಲೂ ನಿಧಾನವಾಗಿ ಗಾಳಿ ತುಂಬಬೇಕು, ಗಾಳಿ ತುಂಬಿ ಮುಗಿಯುವವರೆಗೆ ರಾಕೆಟ್ಟನ್ನು ಕೊಳವೆಗೆ ತೊಡಿಸಲೇಬಾರದು. ಆಮೇಲೆ ತೊಡಿಸುವವರೂ ಕೈಯನ್ನು ಬದಿಯಿಂದ ಚಾಚಬೇಕು, ಮುಖ ಕೊಳವೆಯ ಮೇಲೆ ಬರಕೂಡದು.

ವಾಲ್ವಿನ ಮೈಮೇಲೆ ಬಾಣದ ಗುರುತಿರುತ್ತದೆ; ಬಾಣದ ತುದಿ ರಾಕೆಟ್ಟಿನ ಕಡೆಗಿರಲಿ, ತಿರುಗುಮುರುಗಾದರೆ ಅದು ಮುಚ್ಚುವುದೇ ಇಲ್ಲ.

ಇಲ್ಲಿಯ ಬಲ್ಲವರಲ್ಲಿ ನನ್ನದೂ ಒಂದು ಪ್ರಶ್ನೆ. ತೋಟಕ್ಕೆ ಮಂಗಗಳ ಹಾವಳಿ ವಿಪರೀತವಾಗಿದೆ. ಇದೇ ಲಾಂಚರಿನಿಂದ ಸಿಂಗಾರದ ಹಾಳೆಯ ತುಂಡನ್ನೋ ಹಸಿ ಅಡಿಕೆಯನ್ನೋ ಎಸೆದು ಅವುಗಳನ್ನು ಓಡಿಸಬಹುದೇ?

ಉತ್ತರ: ಫೌಂಡ್ರಿಯ ನಿರ್ವಹಣಾ ಇಂಜಿನಿಯರ್, ಮಾಚೇನಹಳ್ಳಿ

ಬೆಳೆಗಾರರೇ, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ, ನಮ್ಮ ಮನೆಯ ತೋಟಕ್ಕೂ ಅದೇ ಗತಿ. ಆದರೂ ಈ ಕೆಲಸಕ್ಕೆ ಇದನ್ನು ಬಳಸಬೇಡಿ. ಕಾಗದದ ರಾಕೆಟ್ ಟೊಳ್ಳು, ಮೂತಿ ಮೆತ್ತಗೆ, ತಾಗಿದರೆ ಮುದುಡುತ್ತದೆ. ಹಸಿ ಅಡಿಕೆಯಂಥ ಗಟ್ಟಿ ವಸ್ತುವನ್ನು ಕೊಳವೆಯೊಳಗಿಟ್ಟು ಎಸೆಯಲು ತೊಡಗಿದ ಕ್ಷಣದಿಂದ ಅದು ಆಯುಧವಾಗುತ್ತದೆ, ಮರದ ಆಚೆ ಅಡಿಕೆ ಗೊನೆ ಕೊಯ್ಯುತ್ತಿರುವವರು ಯಾರಿದ್ದಾರೆಂದು ನಿಮಗೆ ಕಾಣುವುದೂ ಇಲ್ಲ. ಪ್ರಾಣಿಗೂ ಗಾಯವಾಗುತ್ತದೆ, ಕಾನೂನಿನ ತೊಡಕೂ ಬರುತ್ತದೆ.

ಸೊಲೆನಾಯ್ಡಿನ ಕರೆಂಟಿನ ಬಗ್ಗೆ ಹೇಳುವುದು ಉಳಿದಿತ್ತು. ಹನಿ ನೀರಾವರಿಯ ಸಾಮಾನ್ಯ ವಾಲ್ವುಗಳ ಕಾಯಿಲ್ 24 ವೋಲ್ಟ್ ಎಸಿಗೆ ಮಾಡಿದ್ದು. ಅದಕ್ಕೆ ಮನೆಯ ಕರೆಂಟಿನಿಂದ ಟ್ರಾನ್ಸ್‌ಫಾರ್ಮರ್ ಎಳೆದು ಮೈದಾನಕ್ಕೆ ತರುವ ಅಗತ್ಯವಿಲ್ಲ. ಎರಡು 9 ವೋಲ್ಟಿನ ಬ್ಯಾಟರಿಗಳನ್ನು ಒಂದರ ಹಿಂದೆ ಒಂದು ಜೋಡಿಸಿದರೆ ಸಿಗುವ 18 ವೋಲ್ಟ್ ಡಿಸಿ, ಕ್ಷಣಮಾತ್ರದ ಎಳೆತಕ್ಕೆ ಸಾಕಾಗುತ್ತದೆ. ಎಸಿಯಲ್ಲಿ ಕಾಯಿಲ್ಲಿನ ಪ್ರೇರಕತ್ವವೂ ಕರೆಂಟನ್ನು ತಡೆಯುತ್ತದೆ. ಡಿಸಿಯಲ್ಲಿ ತಂತಿಯ ರೋಧ ಮಾತ್ರ ಉಳಿಯುವುದರಿಂದ, ಬಟನ್ ಒತ್ತಿಹಿಡಿದರೆ ಕಾಯಿಲ್ ಬಿಸಿಯಾಗುತ್ತದೆ. ಒತ್ತಿ ಬಿಡುವ ಬಟನ್ ಹಾಕಿ, ಅದಕ್ಕೆ ಮೊದಲು ಬೀಗದ ಕೈಯಿರುವ ಸ್ವಿಚ್ ಒಂದಿರಲಿ, ಕೈ ನಿಮ್ಮ ಬಳಿಯೇ ಇರಲಿ.

ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಗಾಳಿ ತುಂಬಿಸುವುದಾದರೆ, ಅದರಲ್ಲಿ ಎಣ್ಣೆಯ ಹನಿಯೂ ನೀರೂ ಬರುತ್ತದೆ ಎಂಬುದನ್ನು ಮರೆಯಬೇಡಿ. ನೀರಿನ ವಾಲ್ವುಗಳ ಪೊರೆ ಹಲವು ಬಾರಿ ಇಪಿಡಿಎಂ ಎಂಬ ಕೃತಕ ರಬ್ಬರಿನದು, ಅದು ಖನಿಜ ಎಣ್ಣೆಗೆ ಉಬ್ಬಿ ಕೆಡುತ್ತದೆ. ಸೈಕಲ್ ಪಂಪೇ ಒಳ್ಳೆಯದು, ಮಕ್ಕಳಿಗೂ ಕೆಲಸ ಕೊಟ್ಟಂತಾಗುತ್ತದೆ.

ನನ್ನ ಅಭಿಪ್ರಾಯ ಇಷ್ಟು: ದುಡ್ಡು ಹೊಂದುವುದಾದರೆ ಅರ್ಧ ಇಂಚಿನ ಕ್ವಿಕ್ ಎಕ್ಸಾಸ್ಟ್ ವಾಲ್ವನ್ನೇ ತನ್ನಿ. ಕರೆಂಟ್ ಬೇಡ, ಬ್ಯಾಟರಿ ಬೇಡ, ಪೊರೆ ತಾನಾಗಿ ಏಳುವ ಭಯವೂ ಇಲ್ಲ. ಆಗದಿದ್ದರೆ ಪೋಷಕರು ಕೊಡುವ ಹನಿ ನೀರಾವರಿ ವಾಲ್ವನ್ನು ಬಳಸಿ, ಬೆಳೆಗಾರರು ಹೇಳಿದ ಕ್ರಮವನ್ನು ತಪ್ಪದೆ ಪಾಲಿಸಿ.

ಮರುಪ್ರಶ್ನೆ: ವಿಜ್ಞಾನ ಶಿಕ್ಷಕಿ

ತಮ್ಮೆಲ್ಲರಿಗೂ ಕೃತಜ್ಞತೆಗಳು. ಪಿವಿಸಿ ಕೋಣೆಯನ್ನು ನಿನ್ನೆಯೇ ಮಕ್ಕಳೆದುರು ಬಿಚ್ಚಿ, 500 ಜೂಲಿನ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಅವರಿಂದಲೇ ಬಿಡಿಸಿದೆ. 80 ಪೌಂಡಿನ ಮಾತು ಅಲ್ಲಿಗೆ ನಿಂತಿತು. ಕ್ವಿಕ್ ಎಕ್ಸಾಸ್ಟ್ ವಾಲ್ವ್ ಶಿವಮೊಗ್ಗದಿಂದ ತರಿಸುತ್ತಿದ್ದೇವೆ. ಜಿಐ ಪೈಪನ್ನು ನಮ್ಮೂರ ಪ್ಲಂಬರ್ ಮಾಡಿಕೊಡುತ್ತಾರೆ. ಅದು ಗಟ್ಟಿಯಾಗಿದೆ ಎಂದು ಮಕ್ಕಳ ಮುಂದೆ ಗಾಳಿ ತುಂಬುವ ಮೊದಲು ನಾವೇ ಪರೀಕ್ಷಿಸಿಕೊಳ್ಳುವ ಬಗೆ ಯಾವುದು? ಕೊಳವೆಗೆ ಪಿವಿಸಿಯನ್ನೇ ಉಳಿಸಿಕೊಳ್ಳಬಹುದೇ?

ಉತ್ತರ: ನಿವೃತ್ತ ಏರ್ ಬ್ರೇಕ್ ಮೆಕ್ಯಾನಿಕ್, ಶಿವಮೊಗ್ಗ

ಗಾಳಿಯ ಟ್ಯಾಂಕನ್ನು ಗಾಳಿಯಿಂದ ಪರೀಕ್ಷಿಸಬಾರದು, ನೀರಿನಿಂದ ಪರೀಕ್ಷಿಸಬೇಕು. ಕಾರಣವನ್ನು ಇಂಜಿನಿಯರ್ ಸಾಹೇಬರು ಆಗಲೇ ಲೆಕ್ಕದಲ್ಲಿ ಹೇಳಿದ್ದಾರೆ. ಪೈಪಿಗೆ ಗಂಟಲವರೆಗೆ ನೀರು ತುಂಬಿ, ಓರೆ ಮಾಡಿ ಅಲ್ಲಾಡಿಸಿ, ಒಳಗೆ ಗಾಳಿಯ ಗುಳ್ಳೆ ಉಳಿಯದಂತೆ ನೋಡಿಕೊಳ್ಳಿ. ನಿಮ್ಮಲ್ಲಿರುವ ಔಷಧಿ ಹೊಡೆಯುವ ಕೈಪಂಪು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅದನ್ನು ಚೆನ್ನಾಗಿ ತೊಳೆದು, ಗೇಜಿನ ಮೇಲೆ ಕಣ್ಣಿಟ್ಟು, ನೀವು ಬಳಸುವ ಒತ್ತಡದ ಒಂದೂವರೆ ಪಟ್ಟಿಗೆ ಮೆಲ್ಲಗೆ ಏರಿಸಿ. 40 ಪೌಂಡ್ ಬಳಸುವುದಾದರೆ 60ಕ್ಕೆ ಏರಿಸಿ ಅರ್ಧ ಗಂಟೆ ಬಿಡಿ. ಮುಳ್ಳು ಕದಲದಿದ್ದರೆ, ಕ್ಯಾಪಿನ ಅಂಚಿನಲ್ಲಿ ತೇವ ಕಾಣದಿದ್ದರೆ ಅದು ನಂಬಿಕೆಗೆ ಯೋಗ್ಯ. ಆಮೇಲೆ ಟ್ಯಾಂಕಿಗೆ 45 ಪೌಂಡಿಗೆ ತೆರೆಯುವ ಸೇಫ್ಟಿ ವಾಲ್ವ್ ಒಂದನ್ನು ಹಾಕಿಸಿ. ನೀರಿನ ಪರೀಕ್ಷೆಯ ಹೊತ್ತಿಗೆ ಅದರ ಜಾಗಕ್ಕೆ ಪ್ಲಗ್ ಇರಲಿ, ಇಲ್ಲವಾದರೆ 60 ಮುಟ್ಟುವುದೇ ಇಲ್ಲ.

ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತುವಾಗ ಥ್ರೆಡ್ ಬಿಗಿಯಾಗುವ ದಿಕ್ಕಿನಲ್ಲೇ ಸುತ್ತಿ, ಮೊದಲ ಎಳೆಯನ್ನು ಬರಿದಾಗಿ ಬಿಡಿ. ಟೇಪಿನ ಚೂರು ಒಳಹೋಗಿ ರಬ್ಬರ್ ತಟ್ಟೆಯ ಅಂಚಿನಲ್ಲಿ ಕೂತರೆ ವಾಲ್ವ್ ಸೋರುತ್ತದೆ, ನೀವು ವಾಲ್ವೇ ಕೆಟ್ಟಿದೆ ಎಂದುಕೊಳ್ಳುತ್ತೀರಿ. ನಮ್ಮಲ್ಲಿ ಸಿಗುವ ಜಿಐ ಸಾಮಾನಿಗೆ ಬಿಎಸ್‌ಪಿ, ಅಂದರೆ ಬ್ರಿಟಿಷ್ ಮಾದರಿಯ ಥ್ರೆಡ್ ಇರುತ್ತದೆ. ಹೊರದೇಶದ ವಾಲ್ವಾದರೆ ಎನ್‌ಪಿಟಿ, ಅಂದರೆ ಅಮೆರಿಕದ ಮಾದರಿಯದು ಇರಬಹುದು. ಅರ್ಧ ಇಂಚಿನಲ್ಲಿ ಎರಡಕ್ಕೂ ಒಂದು ಇಂಚಿಗೆ 14 ಎಳೆಗಳಿರುವುದರಿಂದ ಒಂದೆರಡು ಸುತ್ತು ಸಲೀಸಾಗಿ ಕೂರುತ್ತದೆ, ಎಳೆಯ ಕೋನ ಬೇರೆಯಾದ್ದರಿಂದ ಆಮೇಲೆ ಬಿಗಿಹಿಡಿದು ಸೋರುತ್ತದೆ. ಸ್ಪ್ಯಾನರ್ ಹಾಕಿ ಬಲವಂತ ಮಾಡಬೇಡಿ. ಎಲ್ಲ ಕೂಡಿಸಿದ ಮೇಲೆ ಹತ್ತು ಪೌಂಡ್ ಗಾಳಿ ಹಾಕಿ ಸೋಪಿನ ನೀರು ಸವರಿ ನೋಡಿ.

ಕೊಳವೆಯನ್ನೂ ಅರ್ಧ ಇಂಚಿನ ಜಿಐನಲ್ಲೇ ಮಾಡಿಸುವುದು ಮೇಲು. ಅದರ ಹೊರವ್ಯಾಸ 21 ಮಿ.ಮೀ. ಚಿಲ್ಲರೆ, ಮಕ್ಕಳು ರಾಕೆಟ್ಟನ್ನು ಅದರ ಮೇಲೆಯೇ ಸುತ್ತಿ ಅಂಟಿಸಿಕೊಳ್ಳಲಿ. ವಾಲ್ವಿಗೂ ಕೊಳವೆಗೂ ನಡುವೆ ಅನಗತ್ಯ ಮೊಣಕೈ, ನಿಪ್ಪಲ್ ಸೇರಿಸಬೇಡಿ. ಅಲ್ಲಿ ಸೇರಿಸಿದ ಪ್ರತಿ ಜಾಗವನ್ನೂ ಗಾಳಿ ಮೊದಲು ತುಂಬಬೇಕಾಗುತ್ತದೆ.

ಕೈವಾಲ್ವಿನ ಹಿಡಿಕೆಗೆ ಐದು ಮೀಟರ್ ಹಗ್ಗ ಕಟ್ಟಿ ದೂರದಿಂದ ಎಳೆಯಿರಿ. ರಾಕೆಟ್ ಹಾರದೆ ಉಳಿದರೆ ಹತ್ತಿರ ಹೋಗುವ ಮೊದಲು ಟ್ಯಾಂಕಿನ ಗಾಳಿ ಪೂರ್ತಿ ಬಿಡಲು ಇನ್ನೊಂದು ವಾಲ್ವ್ ಬೇಕೇಬೇಕು. ನಿಮ್ಮ ಹಳೆಯ ಬಾಲ್ ವಾಲ್ವಿಗೆ ಅಲ್ಲಿ ಕೆಲಸವಿದೆ.

ಶಿಕ್ಷಕಿಯ ಬರಹ, ಮೂರು ವಾರಗಳ ನಂತರ

ಹಿರಿಯರು ಹೇಳಿದಂತೆ ನೀರಿನ ಪರೀಕ್ಷೆ ಮಾಡಿದೆವು. ಮೊದಲ ಸಲ ಅರ್ಧ ಗಂಟೆಯಲ್ಲಿ ಮುಳ್ಳು 60ರಿಂದ 52ಕ್ಕೆ ಇಳಿಯಿತು. ಒಂದು ಕ್ಯಾಪಿನ ಬುಡದಲ್ಲಿ ಬೆವರಿನಂತೆ ನೀರು ಜಿನುಗುತ್ತಿತ್ತು, ಟೇಪ್ ಬದಲಿಸಿ ಮತ್ತೆ ಬಿಗಿಮಾಡಿದ ಮೇಲೆ ನಿಂತಿತು.

ನಿನ್ನೆ ಸಂಜೆ ಶಾಲೆ ಬಿಟ್ಟ ಮೇಲೆ ಎಲ್ಲರೂ ಕನ್ನಡಕ ಹಾಕಿಕೊಂಡು, 35 ಪೌಂಡಿಗೆ ಮೊದಲ ರಾಕೆಟ್ ಹಾರಿಸಿದೆವು. ಈ ಬಾರಿ ಕೇಳಿದ್ದು ‘ಟಪ್’ ಎಂಬ ಒಂದೇ ಸದ್ದು. ರಾಕೆಟ್ ಹೋದ ಮೇಲೆ ‘ಭುಸ್’ ಎಂಬ ಸದ್ದು ಬೇರೆಯಾಗಿ ಕೇಳಿಸಲಿಲ್ಲ. ಲಾಂಚರಿನಿಂದ 40 ಮೀಟರ್ ದೂರದಲ್ಲಿ ಇಬ್ಬರು ಹುಡುಗಿಯರು ಕೋನಮಾಪಕಕ್ಕೆ ನೂಲು, ಕಲ್ಲು ಕಟ್ಟಿಕೊಂಡು ನಿಂತಿದ್ದರು. ಅತಿ ಎತ್ತರದಲ್ಲಿ ಅವರು ಓದಿದ ಕೋನ 50 ಡಿಗ್ರಿ. 40ನ್ನು 1.19ರಿಂದ ಗುಣಿಸಿ, ಅವರ ಕಣ್ಣಿನ ಎತ್ತರ ಕೂಡಿಸಿದಾಗ 49 ಮೀಟರ್ ಬಂತು. ಪಕ್ಕದ ತೋಟದ ಅತಿ ಎತ್ತರದ ಅಡಿಕೆ ಮರಕ್ಕಿಂತ ಅದು ಎಷ್ಟೋ ಮೇಲೆ.

ಹೊಸ ತೊಂದರೆಯೊಂದು ಕಂಡಿದೆ: ಮೂರನೆಯ ರಾಕೆಟ್ಟಿನ ಮೂತಿ ಗಾಳಿಯ ಹೊಡೆತಕ್ಕೆ ಕಳಚಿ ಬೇರೆಯಾಗಿ ಹಾರಿತು, ದೇಹ ಕೊಳವೆಯ ಮೇಲೆಯೇ ಸೀಳಿ ಉಳಿಯಿತು. ನಿಧಾನದ ವಾಲ್ವ್ ಇದ್ದಾಗ ಅಂಟಿನ ಈ ದೌರ್ಬಲ್ಯ ನಮಗೆ ತಿಳಿದೇ ಇರಲಿಲ್ಲ. ಈಗ ಮಕ್ಕಳು ಮೂತಿಯ ಒಳಗೆ ಮಡಿಸಿದ ಕಾಗದದ ಬಿಲ್ಲೆಯಿಟ್ಟು, ಹೊರಗಿನಿಂದ ಎರಡು ಸುತ್ತು ಟೇಪ್ ಹಾಕುತ್ತಿದ್ದಾರೆ.

ಹಳೆಯ ಬಾಲ್ ವಾಲ್ವನ್ನು ಟ್ಯಾಂಕಿನ ತಗ್ಗಿನ ತುದಿಗೆ ಕೂರಿಸಿದ್ದೇವೆ. ಟ್ಯಾಂಕನ್ನು ಸ್ವಲ್ಪ ಓರೆಯಾಗಿ ಇಟ್ಟಿರುವುದರಿಂದ ಗಾಳಿಯಲ್ಲಿದ್ದ ತೇವ ಅಲ್ಲಿಗೇ ಇಳಿದು ನಿಲ್ಲುತ್ತದೆ. ಸಂಜೆ ಉಳಿದ ಗಾಳಿಯನ್ನು ಆ ವಾಲ್ವಿನಿಂದ ಬಿಟ್ಟಾಗ ಮೊದಲು ಒಂದು ಚಮಚದಷ್ಟು ತುಕ್ಕು ಬಣ್ಣದ ನೀರು ಬಂತು, ಆಮೇಲೆ ಗಾಳಿ.